ಎಂಬತ್ಮೂರು ಡಿಗ್ರಿ

ಪರದೆಯ ಮೇಲೊಂದು ಖಾಲಿ ಚೌಕ:
ಏರುಕೋನ ಎಷ್ಟು?
ನಾನು ತುಂಬದಿದ್ದರೆ ತಾನೇ ತುಂಬಿಕೊಳ್ಳುತ್ತದೆ,
ಎಲ್ಲಿ ಬಲ ಹೆಚ್ಚೋ ಆ ಕೋನ.
ಮೂರು ವರ್ಷ ಅದನ್ನೇ ನಂಬಿ
ಚಿತ್ರ ತೆಗೆದು ಐಸ್ ಪ್ಲಾಂಟಿನ ಗೋಡೆಗೆ ಅಂಟಿಸಿದ್ದೆ,
ಅಮೋನಿಯಾ ವಾಸನೆಯ ನಡುವೆ
ನನ್ನ ತಂತಿಯ ಕುಂಬಳಕಾಯಿ,
ದುಂಡಗೆ, ಮೈತುಂಬಿ,
ಕಂಡವರು ಭೇಷ್ ಎನ್ನಬೇಕು.

ಎನ್ನಲಿಲ್ಲ ನಾರ್ಣ ತಾಂಡೇಲರು.
ಆಂಟೆನಾ ಅವರಿಗೆ ಗೊತ್ತಿಲ್ಲ.
"ಎಂತ ಮಾರಾಯ, ಎಲ್ಲರೂ ಬಲೆ ನೀರಿಗೆ ಬೀಸಿದರೆ
ನೀನು ತಲೆ ಮೇಲೆ ಬೀಸಿದ್ದಿಯಲ್ಲ!"
ಪಡುಕೆರೆಯ ಮರಳಿಗೆ ಕರೆದೊಯ್ದು
ಕೈ ನೀಳಕ್ಕೆ ಚಾಚಿಸಿ ಮುಷ್ಟಿ ಹಿಡಿಸಿದರು.
ನೀರು ಮುಗಿಯುವ ಗೆರೆಯ ಮೇಲೆ ಕೂರಿಸಿದ ಒಂದು ಮುಷ್ಟಿ
ಹತ್ತು ಡಿಗ್ರಿ.
ಡಿಗ್ರಿಯ ಲೆಕ್ಕ ನನ್ನದು, ಅವರದ್ದು ಬರೀ ಮುಷ್ಟಿ;
ಜಿಪಿಎಸ್ ಬರುವ ಮೊದಲು
ಚುಕ್ಕಿ ಅಳೆದು ಮನೆಗೆ ಬಂದ ಮುಷ್ಟಿ.
"ದೂರದ್ದು ಬೇಕೋ, ಇದರೊಳಗೆ ಹುಡುಕು."

ಆ ರಾತ್ರಿ ಚೌಕದಲ್ಲಿ ಎಂಟು ಎಂದು ಒತ್ತಿದೆ.
ಕುಂಬಳಕಾಯಿ ಒಣಗಿ ಹುಣಸೆಬೀಜವಾಯಿತು.

ನೆಲ ಯಾವುದೆಂದೂ ಕೇಳುತ್ತದೆ ಈ ಯಂತ್ರ:
ಒಳ್ಳೆಯ ನೆಲ, ಸಾಧಾರಣ ನೆಲ, ಉಪ್ಪುನೀರು.
ಮುಂದೆ ಕಡಲು, ಹಿಂದೆ ಹೊಳೆ,
ನಡುವೆ ನಾಲ್ಕು ತೆಂಗು ಅಡ್ಡ ಮಲಗಿಸುವಷ್ಟು ಮರಳು.
ಪಡುಕೆರೆಯವನು ಏನು ಹೇಳಬೇಕು?
ಉಪ್ಪುನೀರು ಎಂದೆ.
ಹಳೆಯ ತಂತಿ ಇಳಿಸಿ ಸುತ್ತಿಟ್ಟೆ.
ಹತ್ತು ಮೀಟರ್ ಕೊಳವೆ ನಿಲ್ಲಿಸಿದೆ, ನೆಟ್ಟಗೆ, ಅಲೆಯ ಬಾಯಲ್ಲೇ.

ಮೊದಲ ರಾತ್ರಿಯೇ ಸಿಕ್ಕಿದ ಫಿನ್ಲೆಂಡಿನ ಒಬ್ಬ,
ಮತ್ತೆರಡು ದಿನಕ್ಕೆ ಅಜೋರ್ಸ್ ದ್ವೀಪದವನು.
ಹೆಸರು, ಊರು, ಹವೆ. ಅಲ್ಲಿ ಹಿಮ. ಇಲ್ಲಿ ಬೆವರು.
ಹೆಂಡತಿಯನ್ನು ಎಬ್ಬಿಸಿ ಕೇಳಿಸಿದೆ,
"ಕಪ್ಪೆ ಕೂಗಿದ ಹಾಗುಂಟು" ಎಂದು ಮಗ್ಗುಲು ತಿರುಗಿದಳು.

ಬೈಂದೂರಿನ ಶೀನ ದೇವಾಡಿಗರು ಮಾತ್ರ ಇಲ್ಲ.
ತಾರು ಕಚೇರಿಯಲ್ಲಿ ಮೂವತ್ತೊಂದು ವರ್ಷ ಕೂತ ಜನ.
ಮಾತು, ಬಲಗೈ, ಒಂದೇ ದಿನ ಹೋದವು;
ಈಗ ಎಡಗೈಯಲ್ಲಿ ಕಟ್ಟೆ ಬಡಿಯುತ್ತಾರೆ.
ಉದ್ದ ಸದ್ದು ಸರಿ. ಗಿಡ್ಡ ಸದ್ದು ಕುಂಟುತ್ತದೆ.
ಸಾವಿರದಲ್ಲೂ ಗುರುತು ಸಿಗುವ ಕೈಗುಣ.
ಬೆಳಿಗ್ಗೆ ಎಂಟೂವರೆಗೆ, ಗಡಿಯಾರ ತಪ್ಪಬೇಕು, ಅವರಲ್ಲ.
ನಾಲ್ಕು ದಿನ ಬರೀ ಸೊಂಯ್.

ಫೋನು ಮಗಳು ಎತ್ತಿದಳು.
"ಅಪ್ಪಯ್ಯ ದಿನಾ ಕರೀತ್ರ್.
ನೀವೇ ಬಿಟ್ರಿ ಅಂದೇಳಿ ತಿಳ್ಕಂಡಿದ್ರ್."

ಡೀಸೆಲ್ ಬಿಲ್ಲಿನ ಬೆನ್ನಿಗೆ ಗೀಚಿದೆ:
ಬೈಂದೂರಿಗೆ ಕಾಗೆ ಹಾರುವ ದಾರಿ ಅರವತ್ತು ಕಿಲೋಮೀಟರ್,
ಅದರರ್ಧ ಮೂವತ್ತು,
ಮೋಡಕ್ಕೂ ಆಚೆಯ ಆ ಕಾಣದ ಛಾವಣಿ ಇನ್ನೂರೈವತ್ತು.
ಎಂಬತ್ಮೂರು.
ಅಂದರೆ ಇಷ್ಟು ವರ್ಷ ನಮ್ಮ ಮಾತು
ಕುಂದಾಪುರದ ಬಸ್ ಸ್ಟ್ಯಾಂಡಿನ ನೆತ್ತಿಯಲ್ಲಿ ಮಗುಚಿ
ಬಡಗಿಗೆ ಇಳಿಯುತ್ತಿತ್ತು,
ಕೆಳಗೆ ಬಸ್ಸಿಗೆ ನಿಂತವರಿಗೆ ಸುದ್ದಿಯಿಲ್ಲದೆ.

ಕೊಳವೆಗೆ ಎಂಬತ್ಮೂರು ಕೊಟ್ಟು ನೋಡಿದೆ.
ನಡುವೆ ಸೂಜಿಮೊನೆಯಷ್ಟು. ಅದೂ ಇದೆಯೋ ಇಲ್ಲವೋ.
ನೆಟ್ಟಗೆ ನಿಂತದ್ದಕ್ಕೆ ತನ್ನ ನೆತ್ತಿ ಕಾಣುವುದಿಲ್ಲ.
ಗೋಡೆಯ ಮೇಲಿನ ತಂತಿಗೆ ಕೊಟ್ಟೆ:
ಊಟದ ತಟ್ಟೆಯಷ್ಟು ದುಂಡು.
ಅಷ್ಟು ಎತ್ತರದಲ್ಲಿ ತೆಂಕು ಬಡಗು ಎಂಬುದಿಲ್ಲ,
ಯಾರಿದ್ದರೂ ಒಂದೇ ಅಳತೆ.

ತಾಂಡೇಲರಿಗೆ ಹೇಳಲಿಕ್ಕೆ ಹೋಗಲಿಲ್ಲ.
ಕತ್ತಲೆಗೆ ಮೊದಲೇ ಏಣಿ ಇಟ್ಟೆ.
ತೆಂಗಿನಿಂದ ನೀರಿನ ಟಾಂಕಿಗೆ, ಏಳೇ ಮೀಟರ್ ಎತ್ತರ,
ತಂತಿ ಮತ್ತೆ ಬಿಗಿಯಾಯಿತು. ಒಂದು ಕಾಗೆ ಆಗಲೇ ಕೂತಿತು.
ಕೊಳವೆಯೂ ಇರಲಿ, ರಾತ್ರಿಗೆ.

ಎಂಟೂವರೆ. ಸೊಂಯ್.
ಎಂಟೂ ಮೂವತ್ತೆರಡು. ಸೊಂಯಿನೊಳಗಿಂದ
ಕುಂಟುತ್ತ, ಕುಂಟುತ್ತ, ನನ್ನ ಕರೆಹೆಸರು.
ತಪ್ಪಾಯಿತು ಎನ್ನಲಿಕ್ಕೆ ಮೋರ್ಸಿನಲ್ಲಿ ಚಿಕ್ಕ ದಾರಿಯಿಲ್ಲ,
ಹಾಗಾಗಿ ಕೇಳಿದೆ: ಕೈ ಹೇಗಿದೆ?

ಬಹಳ ಹೊತ್ತು ಏನೂ ಇಲ್ಲ.
ಆಮೇಲೆ ನಿಧಾನ, ಒಂದೊಂದೇ ಅಕ್ಷರ:
ಯಾವ ಕೈ?